ಫ್ರೆಂಚ್ ನಟನೂ ನಮ್ಮ ಮನೆಯ ರಾಣಿಯೂ

ನಾನು ಕಲಿತದ್ದು ನಾಲ್ಕನೇ ಕ್ಲಾಸು. ಆದರೂ ಫ್ರಾನ್ಸಿನ ಒಬ್ಬ ನಟನ ಕಥೆ ಹುಟ್ಟಿನಿಂದ ಬೋಳುತಲೆಯವರೆಗೆ ನನಗೆ ಬಾಯಿಪಾಠ. ಕಾರಣ ಮೊಮ್ಮಗಳು ಅನ್ವಿ. ಬಹರೈನಿನ ಶಾಲೆಯಲ್ಲಿ ಅವಳು ಫ್ರೆಂಚ್ ಕಲಿಯುತ್ತಾಳೆ. ಆ ನಟನ ಜೀವನದ ಬಗ್ಗೆ ಕ್ಲಾಸಿನಲ್ಲಿ ಮಾತಾಡಬೇಕಿತ್ತು. ಗುದೈಬಿಯಾದ ನಮ್ಮ ಫ್ಲ್ಯಾಟಿನಲ್ಲಿ ಅವಳ ಮೇಜಿಗೂ ಅಡುಗೆಯ ಜಾಗಕ್ಕೂ ನಡುವೆ ಗೋಡೆ ಇಲ್ಲ. ಅವಳು ಮೊದಲು ಫ್ರೆಂಚಿನಲ್ಲಿ ಒದರುವಳು, ಆಮೇಲೆ ಮೀನು ಕೊಯ್ಯುವ ನನಗಾಗಿ ಕನ್ನಡದಲ್ಲಿ.

ಆ ನಟ ಬೇಕರಿಯವನೊಬ್ಬನ ಮಗನಂತೆ. ನಾಟಕದಲ್ಲಿ ಮೊದಲು ಈಟಿ ಹಿಡಿದು ಮೂಲೆಯಲ್ಲಿ ನಿಲ್ಲುವ ಕೆಲಸ. ನಮ್ಮ ಯಕ್ಷಗಾನದಲ್ಲೂ ಹೊಸಬರು ಕೋಡಂಗಿ ಕುಣಿದೇ ಮೇಲೆ ಬರಬೇಕು, ಇದರಲ್ಲಿ ಹೊಸತೇನಿಲ್ಲ. ಆಮೇಲೆ ನಾಯಕನಾದ, ಸಿನಿಮಾಕ್ಕೆ ಹೋದ, ಮೂರು ಮದುವೆಯಾದ. ಮೂರನೆಯವಳ ಬಗ್ಗೆ ಅನ್ವಿ ಹೆಚ್ಚು ಹೇಳಲಿಲ್ಲ. ನನಗೆ ಬೇಕಿದ್ದದ್ದು ಅದೇ. ಹೊಟ್ಟೆ ಬಂದ ಮೇಲೆ ನಾಯಕನ ಪಾತ್ರಕ್ಕೆ ಯಾರೂ ಕರೆಯಲಿಲ್ಲ. ಸ್ವಲ್ಪ ಕಾಲ ಮುಖ ಊದಿಸಿಕೊಂಡು ಕೂತ. ಕೊನೆಗೆ ನಾಟಕಕ್ಕೇ ಮರಳಿ ಕಿವುಡ ಮುದುಕನ ಪಾತ್ರ ಮಾಡಿ ಮೊದಲಿಗಿಂತ ಹೆಚ್ಚು ಹೆಸರು ಮಾಡಿದ.

ಮುಖ ಊದಿಸಿಕೊಂಡವನೊಬ್ಬ ನಮ್ಮ ಮನೆಯಲ್ಲೂ ಇದ್ದ. ಮಗ ಶಶಿ, ಇಲ್ಲೇ ಅಸ್ಕರ್ ಎಂಬ ಊರಿನ ಕಾರ್ಖಾನೆಯಲ್ಲಿ ಫಿಟ್ಟರ್. ಪ್ರತಿವರ್ಷ ಇಲ್ಲಿನ ನಮ್ಮವರ ಯಕ್ಷಗಾನದಲ್ಲಿ ಅವನೇ ರಾಣಿ. ಆಟ ಹತ್ತಿರ ಬಂತೆಂದರೆ ಮೀಸೆ ಮಾಯ, ಹುಬ್ಬು ತೆಳ್ಳಗೆ. ಈ ವರ್ಷ ಭಾಗವತರು ರಾಣಿಯ ವೇಷವನ್ನು ಬೇರೊಬ್ಬನಿಗೆ ಕೊಟ್ಟು, ಇವನಿಗೆ ರಾಣಿಯ ಮುದಿ ದಾಸಿಯನ್ನು ಕೊಟ್ಟರು. ಹಾಸ್ಯದ ಪಾತ್ರ.

"ಈ ಸಲ ನಾನು ವೇಷವೇ ಮಾಡುದಿಲ್ಲ," ಎಂದ.

"ನಿನ್ನ ಸೊಂಟಕ್ಕೆ ಡಾಬು ಮುಟ್ಟುದಿಲ್ಲ ಮಾರಾಯ. ಅದಕ್ಕೆ ಭಾಗವತರು ಎಂತ ಮಾಡ್ಲಿಕ್ಕುಂಟು?"

"ಅಮ್ಮ, ನೀನು ಯಾರ ಕಡೆ?"

"ಕನ್ನಡಿ ಕಡೆ."

ಅನ್ವಿ ನಕ್ಕಳು. "ಪಪ್ಪಾ, ಸೇಮ್ ನನ್ನ ಪ್ರಾಜೆಕ್ಟ್ ಅಂಕಲ್!" ಎಂದು ಕಥೆಯನ್ನೆಲ್ಲ ಹೇಳಿಬಿಟ್ಟಳು. ಶಶಿ ಮೀನುಸಾರು ಮತ್ತೊಮ್ಮೆ ಬಡಿಸಿಕೊಂಡ. ಮರುದಿನ ಅಭ್ಯಾಸಕ್ಕೆ ಹೋದ.

ಈಗ ಚಿಂತೆ ನನಗೆ ಹತ್ತಿತು. ಫ್ರೆಂಚಿನವನು ಯಾರೋ ಬರೆದದ್ದನ್ನು ಉರುಹೊಡೆದರೆ ಸಾಕಿತ್ತು. ಯಕ್ಷಗಾನದಲ್ಲಿ ಹಾಡು ಭಾಗವತರದ್ದು, ಮಾತು ವೇಷಧಾರಿಯೇ ಹುಟ್ಟಿಸಬೇಕು. ಅಳುವ ರಾಣಿಯ ಮಾತು ಶಶಿಗೆ ಗೊತ್ತು. ನಗಿಸುವ ಮಾತು ಎಲ್ಲಿಂದ ತರುತ್ತಾನೆ? ಜನ ನಗದಿದ್ದರೆ ಮತ್ತೆ ಬಣ್ಣ ಮುಟ್ಟುವವನಲ್ಲ.

ಆಟದ ದಿನ ದಾಸಿ ಸೊಂಟಕ್ಕೆ ಕೈಯಿಟ್ಟು ಬಂದಳು. ರಾಣಿಯನ್ನು ಮೇಲಿಂದ ಕೆಳಗೆ ನೋಡಿದಳು. "ಎಂತ ಮಾರಾಯ್ತಿ, ಮೈಗೆ ಇಷ್ಟು ಚಿನ್ನ ಹಾಕಿದ್ದಿ, ಹೊಟ್ಟೆಗೆ ಏನಾದ್ರೂ ಹಾಕಿದ್ದಿಯಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಆ ಮಾತು ನನ್ನದು, ಧ್ವನಿ ನನ್ನದು, ಸೆರಗು ಸಿಕ್ಕಿಸಿದ ರೀತಿಯೂ ನನ್ನದೇ.

ಕೋಪ ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ಮುದುಕಿಯಾಗಲು ನನಗೆ ಒಂದು ಆಯುಷ್ಯವೇ ಹಿಡಿಯಿತು. ಅವನು ಬಣ್ಣ ಹಚ್ಚುವಷ್ಟರಲ್ಲಿ ಆಗಿಬಿಟ್ಟ; ಮುಖ ತೊಳೆದರೆ ಆ ಮುಪ್ಪು ಇಳಿದೂ ಹೋಗುತ್ತದೆ.