ತಗ್ಗು ಇರಬೇಕಾದ ಜಾಗ

ಮೊನ್ನೆ ಅಡುಗೆಮನೆಯ ಮೇಲಿನ ಹಲಗೆಯಿಂದ ಹಾಲಿನ ಪುಡಿಯ ಹಳೆಯ ಡಬ್ಬಿಯೊಂದನ್ನು ಇಳಿಸಿದೆ. ಮುಚ್ಚಳ ಸಡಿಲವಾಗಿತ್ತು. ಬೆಸೆಂಟ್ ನಗರದ ಈ ಮನೆಯಲ್ಲಿ ಕಡಲ ಗಾಳಿ ಯಾವುದನ್ನೂ ಒಣಗಿರಲು ಬಿಡುವುದಿಲ್ಲ. ಪುಡಿ ಗಂಟುಕಟ್ಟಿ ತೆಳು ಕಾಫಿಯ ಬಣ್ಣಕ್ಕೆ ತಿರುಗಿತ್ತು. ಸೊಸೆ "ಬಿಸಾಕಿ ಅಮ್ಮಾ" ಎಂದಳು. ನಾನು ಡಬ್ಬಿ ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಳಿತುಬಿಟ್ಟೆ. ಆ ಬಣ್ಣವನ್ನು ನಾನು ಹಿಂದೊಮ್ಮೆ ನೋಡಿದ್ದೆ...

ಅರವತ್ತರ ದಶಕದ ಮೊದಲ ವರ್ಷಗಳು. ಇದೇ ಊರಿನ ಇನ್ನೊಂದು ಬಡಾವಣೆ ಪುರಸೈವಾಕ್ಕಂನ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಾವಿದ್ದೆವು. ಮುಂದಿನದರಲ್ಲಿ ನೆರೆಯವರೊಬ್ಬರು ಮತ್ತು ಅವರ ಅಕ್ಕ. ಅಕ್ಕ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ತಮ್ಮ ಮದುವೆಯಾಗಲಿಲ್ಲ. ಔಷಧ ತಯಾರಿಸುವ ಒಂದು ಕಂಪನಿಯಲ್ಲಿ ಅವರು ಮುಖ್ಯ ವಿಶ್ಲೇಷಕರು. ನಾನು ಬಿ.ಎಸ್ಸಿ. ಮುಗಿಸಿದಾಗ ಅಲ್ಲಿನ ಲ್ಯಾಬಿಗೆ ಸೇರಿಸಿದವರು ಅವರೇ. ಮನೆಯಲ್ಲಿ ಅವರು ನನಗೆ ಮಾಮ, ಲ್ಯಾಬಿನಲ್ಲಿ ಸಾರ್. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುವಾಗ ಯಾವುದೆಂದು ಕರೆಯಲು ತಿಳಿಯದೆ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದೆ.

ಕಂಪನಿಯಲ್ಲಿದ್ದ ಒಂದೇ ಒಂದು ಏರ್ ಕಂಡೀಷನರ್ ಇದ್ದದ್ದು ಮನುಷ್ಯರಿಗಲ್ಲ, ಸ್ಪೆಕ್ಟ್ರೋಫೋಟೋಮೀಟರಿಗೆ. ಪರದೇಶದಿಂದ ಬಂದ ಬೂದುಬಣ್ಣದ ದೊಡ್ಡ ಪೆಟ್ಟಿಗೆ ಅದು. ಔಷಧವನ್ನು ನೀರಿನಲ್ಲಿ ಕರಗಿಸಿ, ಬೆರಳಗಲದ ಸ್ಫಟಿಕದ ಪಾತ್ರೆಗೆ ತುಂಬಿ ಒಳಗಿಟ್ಟು, ಅದರ ಮೂಲಕ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹಾಯಿಸಬೇಕು. ದ್ರಾವಣ ಎಷ್ಟು ಬೆಳಕನ್ನು ಹೀರಿತು ಎಂಬುದರಿಂದ ಔಷಧ ಎಷ್ಟಿದೆ ಎಂದು ತಿಳಿಯುತ್ತದೆ. ಒಂದೊಂದು ತರಂಗಾಂತರಕ್ಕೂ ಕೈಯಲ್ಲೇ ಗುಂಡಿ ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತಂದು, ಓದಿಕೊಳ್ಳಬೇಕು. ಪೂರ್ತಿ ವಕ್ರರೇಖೆ ಬರೆಯಲು ಅರ್ಧ ದಿನ ಬೇಕಾಗುತ್ತಿತ್ತು.

ನಮ್ಮಲ್ಲಿ ಕ್ಷಯರೋಗಕ್ಕೆ ಕೊಡುವ ಒಂದು ಪುಡಿ ತಯಾರಾಗುತ್ತಿತ್ತು. ಅದರಲ್ಲಿ ಎರಡು ಔಷಧಗಳ ಮಿಶ್ರಣ. ಅವನ್ನು ಬೇರೆ ಬೇರೆ ಮಾಡದೆಯೇ ಅಳೆಯುವ ದಾರಿಯನ್ನು ಕಂಪನಿಗೆ ಹಾಕಿಕೊಟ್ಟವರು ಮಾಮ. ಎರಡು ತರಂಗಾಂತರಗಳಲ್ಲಿ ಮಾತ್ರ ಓದುವುದು, ಎರಡು ಸಮೀಕರಣ ಬಿಡಿಸುವುದು. ಇದು ಇಷ್ಟು, ಅದು ಅಷ್ಟು. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು. ಆ ವಿಧಾನದ ಬಗ್ಗೆ ಅವರಿಗೆ ತುಂಬ ಅಭಿಮಾನವಿತ್ತು. ಇರಬೇಕಾದದ್ದೇ.

ಅವರ ಅಕ್ಕನಿಗೆ ಅದೇ ಕಾಯಿಲೆ ಬಂತು.

ಮಾಮ ಬೇರೆ ಕಂಪನಿಯ ಔಷಧ ಮುಟ್ಟಲಿಲ್ಲ. ತಾವೇ ಪರೀಕ್ಷಿಸಿ ಪಾಸು ಮಾಡಿದ ಪುಡಿಯ ಡಬ್ಬಿಗಳನ್ನೇ ಕೊಂಡು ತರುತ್ತಿದ್ದರು. ಅಕ್ಕ ಅದನ್ನು ಮಜ್ಜಿಗೆಯಲ್ಲಿ ಕದಡಿ, ಮೂಗು ಹಿಡಿದು ಕುಡಿಯುತ್ತಿದ್ದರು. ಒಂದು ಬೇಸಿಗೆಯಲ್ಲಿ ನಾನು ಎದುರಿಗಿದ್ದಾಗ ಅವರು ಚಮಚವನ್ನು ಬೆಳಕಿಗೆ ಹಿಡಿದು ನೋಡಿದರು.

"ಏನೋ ಇದು, ಈ ಸಲ ಕಾಫಿಪುಡಿ ಬೆರೆಸಿಬಿಟ್ಟಿದ್ದಾರೇನೋ?"

"ಸೆಕೆಗೆ ಸ್ವಲ್ಪ ಬಣ್ಣ ಬರತ್ತಕ್ಕಾ. ಲೆಕ್ಕ ಶರಿಯಾಗಿದೆ. ನಾನೇ ನೋಡಿದೀನಿ."

"ಇವನಿಗೆ ಸಾರಲ್ಲಿ ಉಪ್ಪು ಜಾಸ್ತಿ ಅನ್ನಕ್ಕೂ ಮೆಷಿನ್ನು ಬೇಕು ಕಣೇ," ಎಂದು ನನ್ನತ್ತ ಕಣ್ಣು ಮಿಟುಕಿಸಿ ಕುಡಿದೇಬಿಟ್ಟರು. ಮಾಮನೂ ನಕ್ಕರು.

ಆಮೇಲೆ ವಾಂತಿ ಶುರುವಾಯಿತು. ಎಕ್ಸ್‌ರೇ ನೋಡಿದ ಡಾಕ್ಟರು, ಇಷ್ಟರಲ್ಲಿ ಗುಣ ಕಾಣಬೇಕಿತ್ತು ಎಂದರಂತೆ.

ಒಂದು ಬೆಳಿಗ್ಗೆ ಮಾಮ ಮನೆಯ ಡಬ್ಬಿಯನ್ನೇ ಕೈಚೀಲದಲ್ಲಿಟ್ಟು ಲ್ಯಾಬಿಗೆ ತಂದರು. "ಪೂರ್ತಿ ಕರ್ವ್ ಎಳೆಯೋಣ. ನೀನು ಗ್ರಾಫ್ ಹಾಕು," ಎಂದರು. ಆ ತಣ್ಣನೆಯ ಕತ್ತಲೆ ಕೋಣೆಯಲ್ಲಿ ಅವರು ಒಂದೊಂದೇ ಅಂಕಿ ಹೇಳುತ್ತ ಹೋದರು, ನಾನು ಚುಕ್ಕೆ ಇಡುತ್ತ ಹೋದೆ. ಒಳ್ಳೆಯ ಪುಡಿಯ ವಕ್ರರೇಖೆಗೆ ಎರಡು ದಿಬ್ಬಗಳು, ನಡುವೆ ಒಂದು ತಗ್ಗು. ಮೊದಲ ದಿಬ್ಬ ಬಂತು. ರೇಖೆ ಇಳಿಯತೊಡಗಿತು... ಇಳಿಯಬೇಕಾದಷ್ಟು ಇಳಿಯಲಿಲ್ಲ. ತಗ್ಗು ಇರಬೇಕಾದ ಜಾಗ ಅರ್ಧ ತುಂಬಿಕೊಂಡಿತ್ತು. ನನ್ನ ಚುಕ್ಕೆ ತಪ್ಪಿತೆಂದು ರಬ್ಬರು ತೆಗೆದುಕೊಂಡೆ. ಅವರು ನನ್ನ ಕೈ ತಡೆದರು.

"ಅಳಿಸಬೇಡ. ಮೂರನೆಯದೊಂದು ಒಳಗೆ ಬಂದು ಕೂತಿದೆ."

ಗೋದಾಮಿನ ತಗಡಿನ ಮಾಡಿನ ಕೆಳಗೆ, ಸೆಕೆಗೂ ತೇವಕ್ಕೂ, ಎರಡು ಔಷಧಗಳಲ್ಲಿ ಒಂದು ಒಡೆದು ಬೇರೆಯೇ ಪದಾರ್ಥವಾಗುತ್ತಿತ್ತು. ಅದು ವಿಷ. ಅದೂ ಬೆಳಕನ್ನು ಹೀರುತ್ತಿತ್ತು. ಎರಡೇ ಕಡೆ ಓದುವ ನಮಗೆ ಅದು ಕಾಣುವಂತಿರಲಿಲ್ಲ. ಸಮೀಕರಣಗಳು ಅದರ ಪಾಲನ್ನು ಮಿಕ್ಕ ಎರಡಕ್ಕೆ ಹಂಚಿ, ಅಚ್ಚುಕಟ್ಟಾಗಿ ಉತ್ತರ ಕೊಡುತ್ತಿದ್ದವು.

ಮಾಮ ಗ್ರಾಫ್ ಹಾಳೆ ಹಿಡಿದು ಮ್ಯಾನೇಜರ ಕೋಣೆಗೆ ಹೋದರು. ನಾನೂ ಹಿಂದೆ ನಿಂತಿದ್ದೆ. ಆ ಬೇಸಿಗೆಯ ಮಾಲನ್ನೆಲ್ಲ ಅಂಗಡಿ, ಆಸ್ಪತ್ರೆಗಳಿಂದ ವಾಪಸು ತರಿಸಬೇಕೆಂದರು. ಮ್ಯಾನೇಜರು ಕೋಪಿಸಿಕೊಳ್ಳಲಿಲ್ಲ. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ತಮಿಳಿನಲ್ಲಿ ಮೆತ್ತಗೆ ಕೇಳಿದರು:

"ನಂಬರ್ ಎಲ್ಲಾಂ ಲಿಮಿಟ್‌ಕ್ಕುಳ್ಳೆ ದಾನೇ ಸಾರ್ ಇರುಕ್ಕು? ಮೆಥಡ್ ಉಂಗಳದು ದಾನೇ?"

ಅಂಕಿಗಳೆಲ್ಲ ಮಿತಿಯೊಳಗೇ ಇವೆ, ವಿಧಾನವೂ ನಿಮ್ಮದೇ ಅಲ್ಲವೆ, ಎಂದು. ಮಾಮನ ಹಣೆಯ ಅಕ್ಷತೆಯ ಬೊಟ್ಟು ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು; ಅವರು ಒರೆಸಿಕೊಳ್ಳಲಿಲ್ಲ. ಕಂಪನಿಯವರು ಗೋದಾಮಿನಲ್ಲಿ ಉಳಿದದ್ದನ್ನು ಮಾತ್ರ ತಡೆಹಿಡಿದರು. ಹೊರಗೆ ಹೋದದ್ದು ಹೋಯಿತು.

ಅಕ್ಕನಿಗೆ ಬೇರೆ ಔಷಧ ಬಂತು. ವಾಂತಿ ನಿಂತಿತು. ಕೆಮ್ಮು ನಿಲ್ಲಲಿಲ್ಲ. ದೀಪಾವಳಿಯ ಮಳೆ ಹಿಡಿಯುವ ಮೊದಲೇ ಅವರು ತೀರಿಕೊಂಡರು. ಶ್ವಾಸಕೋಶ ಮೊದಲೇ ಹಾಳಾಗಿತ್ತು, ಯಾರೇನು ಮಾಡುವಂತಿರಲಿಲ್ಲ ಎಂದು ಡಾಕ್ಟರು ಹೇಳಿದರು. ವೈಕುಂಠ ಸಮಾರಾಧನೆಗೆ ಬಂದವರೂ ಅದನ್ನೇ ಹೇಳಿ, ಉಂಡು ಹೋದರು. ಎಲೆಗಳನ್ನು ತೆಗೆದಾದ ಮೇಲೆ ಮಾಮ ನನ್ನನ್ನು ಕರೆದರು. ಗೋಡೆಗೊರಗಿ ಕುಳಿತಿದ್ದರು. ಲ್ಯಾಬಿನಲ್ಲಿ ಲೆಕ್ಕ ಕೇಳುವ ದನಿಯಲ್ಲೇ ಕೇಳಿದರು:

"ಕಾಯಿಲೆ ಎಷ್ಟು, ನಾನು ಕೊಟ್ಟಿದ್ದು ಎಷ್ಟು... ಬಿಡಿಸಿ ಹೇಳಕ್ಕಾಗತ್ತೇನಮ್ಮಾ?"

ನಾನು ಎಲೆ ತೆಗೆದ ಜಾಗವನ್ನು ಒರೆಸತೊಡಗಿದೆ.

ಅವರು ಕೆಲಸ ಬಿಟ್ಟರು, ಮನೆಯನ್ನೂ ಬಿಟ್ಟರು. ಮಂತ್ರಾಲಯದ ಕಡೆ ಇದ್ದಾರೆಂದು ಯಾರೋ ಹೇಳಿದರು. ತೀರಿಹೋದರೆಂಬ ಸುದ್ದಿ ಬಹಳ ತಡವಾಗಿ ತಲುಪಿತು. ಆ ಮನೆಯಿದ್ದ ಜಾಗದಲ್ಲಿ ಈಗ ಜವಳಿ ಅಂಗಡಿ. ಮುಂದಿನ ಪೋರ್ಷನ್ ಎಲ್ಲಿತ್ತೆಂದು ಗುರುತಿಸಲು ನನಗೂ ಆಗುವುದಿಲ್ಲ.

ಮಾಮನನ್ನು ನೆನೆದಾಗೆಲ್ಲ ನನಗೆ ಅವರೊಬ್ಬರೇ ಬರುವುದಿಲ್ಲ. ಆ ಬೇಸಿಗೆ ಹೊರಗೆ ಹೋದ ಡಬ್ಬಿಗಳು ಯಾವ ಯಾವ ಊರಿನ ಮನೆಗಳಲ್ಲಿ ತೆರೆದವೋ... ಬಣ್ಣ ನೋಡಿ ಅನುಮಾನಪಟ್ಟವರಿಗೆ, ಕಂಪನಿಯದು, ಪರೀಕ್ಷೆಯಾಗಿ ಬಂದದ್ದು, ಕುಡಿ ಎಂದು ಯಾರೋ ಹೇಳಿರುತ್ತಾರೆ. ನಮಗೆ ಒಂದು ದೂರೂ ಬರಲಿಲ್ಲ. ಅವರೆಲ್ಲ ನಡೆದದ್ದನ್ನು ಪೂರ್ತಿಯಾಗಿ ಕಾಯಿಲೆಯ ತಲೆಗೇ ಕಟ್ಟಿ ಸುಮ್ಮನಾಗಿರಬೇಕು.