ತಂಗಿಯ ಹೆರಿಗೆಗೆ ಮುಂಚೆ ಬಂದ ಜ್ವರ

ಆ ವರ್ಷ ನಮ್ಮೂರು ಉಡಿಗಾಲದಲ್ಲಿ ನೆಟ್ಟಗೆ ನಡೆಯುವವರೇ ಕಡಿಮೆಯಾಗಿದ್ದರು. ಜ್ವರ ಬಿಟ್ಟ ಮೇಲೂ ಮಂಡಿ ಹಿಡಿದುಕೊಂಡು, ಗೋಡೆ ಸವರಿಕೊಂಡು ಓಡಾಡುತ್ತಿದ್ದರು. ಚಿಕುನ್‌ಗುನ್ಯ ಎಂಬ ಹೆಸರು ಜನರ ಬಾಯಲ್ಲಿ ಚಿಕನ್ ಗುನ್ಯವಾಗಿ, ಕೋಳಿ ತಿಂದವರಿಗೆ ಬರುವ ಕಾಯಿಲೆ ಎಂದು ಸುದ್ದಿಯಾಗಿತ್ತು.

"ನಾವು ಕೋಳಿ ಮುಟ್ಟದವ್ರು. ನಮ್ಗ್ಯಾಕ್ ಬಂದಾದು ಬುಡು" ಎಂದು ಅವ್ವ ಧೈರ್ಯವಾಗಿದ್ದಳು.

ನನಗೆ ಆ ಧೈರ್ಯವಿರಲಿಲ್ಲ. ತಂಗಿ ಚೊಚ್ಚಲ ಹೆರಿಗೆಗೆ ಬಂದಿದ್ದಳು, ದಿನ ತುಂಬುತ್ತಿತ್ತು. ಅವಳ ಸ್ನಾನಕ್ಕೆಂದು ಬಚ್ಚಲಿನ ಸಿಮೆಂಟ್ ತೊಟ್ಟಿಗೆ ಚೊಂಬು ಅದ್ದಿದಾಗ ಎಳೆ ಎಳೆಯಂಥ ಹುಳುಗಳು ಕೊಂಕುತ್ತ ತಳಕ್ಕಿಳಿದವು. ಸೊಳ್ಳೆಮರಿಗಳು.

"ಅವ್ವಾ, ಇದ್ನೆಲ್ಲ ಚೆಲ್ಬುಡನ."

"ಚೆಲ್ಬುಟ್ಟು? ನಲ್ಲಿ ಯಾವತ್ ಬಂದಾದು ಅಂತ ಗೊತ್ತಾ ನಿಂಗೆ? ಬಸುರಿ ಇರೋ ಮನೇಲಿ ನೀರಿಲ್ದೆ ಎಂಗಮ್ಮಿ?"

ಅವಳ ಮಾತೂ ಸುಳ್ಳಲ್ಲ. ಬಟ್ಟೆಯಲ್ಲಿ ಸೋಸಿ ಬಳಸಿದೆವು. ವಾರ ಕಳೆಯುವುದರೊಳಗೆ ಅವ್ವನೇ ಮಲಗಿದಳು. ಮಗ್ಗುಲು ಬದಲಿಸಿದರೂ ಚೀರುತ್ತಿದ್ದಳು. ನಾನು ಸೀರೆ ಎತ್ತಿಕಟ್ಟಿ ತೊಟ್ಟಿ ಬರಿದುಮಾಡಿ, ತೆಂಗಿನ ನಾರಿನಿಂದ ಅದರ ಒಳಗೋಡೆ ತಿಕ್ಕಿದೆ. ಈ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆಂದು ತಂಗಿಯನ್ನು ಹಗಲೂ ಸೊಳ್ಳೆಪರದೆಯೊಳಗೆ ಕೂರಿಸಿದೆ. ಸೆಕೆ ತಾಳಲಾರದೆ ಅವಳು ಅಳುತ್ತಿದ್ದಳು.

ಆದರೂ ಒಂದು ಬೆಳಿಗ್ಗೆ ಅವಳ ಮೈ ಕೆಂಡವಾಗಿತ್ತು. ಆಟೊದಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ಜ್ವರ ಇರೋವಾಗ್ಲೇ ಹೆರಿಗೆ ಆದ್ರೆ ಮಗೂಗೂ ಬರಬಹುದು. ಜ್ವರ ಇಳಿಯೋವರೆಗೂ ನೋವು ಬರದಿದ್ರೆ ಒಳ್ಳೇದು."

ಎಲ್ಲರೂ ನೋವಿಗಾಗಿ ಕಾಯುವ ವಾರ್ಡಿನಲ್ಲಿ, ನೋವು ಬಾರದಿರಲೆಂದು ಕಾದವಳು ನಾನೊಬ್ಬಳೇ. ತಂಗಿ ಸೊಂಟ ಹಿಡಿದುಕೊಂಡಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

"ಅಕ್ಕಾ, ಇದು ಎರಿಗೆ ನೋವಾ, ಜ್ವರದ್ದಾ?"

ನನಗೆ ಗೊತ್ತಿದ್ದರೆ ತಾನೆ! "ಜ್ವರದ್ದೆ ಕಣಮ್ಮಿ" ಎಂದು ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದೆ.

ಕೊನೆಗೂ ಜ್ವರ ಇಳಿಯಿತು. ಮೈತುಂಬ ಕೆಂಪು ಗಂಧೆ ಎದ್ದು, ಅದೂ ಮಾಯವಾದ ಮೇಲೆ ನಿಜವಾದ ನೋವು ಬಂತು. ಹೆಣ್ಣು ಕೂಸು. ಏನೂ ತೊಂದರೆಯಿಲ್ಲ ಎಂದು ಡಾಕ್ಟರಮ್ಮ ಹೇಳಿದರೂ ನಾನು ಮತ್ತೆ ಮತ್ತೆ ಅದರ ಅಂಗಾಲು ಮುಟ್ಟಿ ನೋಡುತ್ತಿದ್ದೆ.

ಮನೆಗೆ ಬಂದಾಗ, ಕೂಸಿಗೆ ನೀರು ಹುಯ್ಯಬೇಕಾದ ಅವ್ವನಿಗೆ ಮಂಡಿ ಮಡಿಸಲೇ ಆಗುತ್ತಿರಲಿಲ್ಲ. ನಾನೇ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡೆ. ಅವ್ವ ಗೋಡೆಗೊರಗಿ ಹೇಳಿಕೊಟ್ಟಳು: "ಕತ್ತ ಬದ್ರವಾಗಿ ಇಡ್ಕೊ. ಕಿವಿಗೆ ನೀರ್ ಓಗಬಾರ್ದು ಕಣಮ್ಮಿ."

ಕೂಸು ಕಿರುಚುತ್ತಿತ್ತು. ಅವ್ವನ ಊದಿದ ಬೆರಳುಗಳು ಮಡಿಲಲ್ಲಿ ತಾವೇ ಅದರ ಬೆನ್ನು ತಿಕ್ಕುತ್ತಿರುವಂತೆ ಆಡುತ್ತಿದ್ದವು.