ರಿಂಗು ಅಳೆಯುತ್ತಿದ್ದ ವೆಂಡಲ್

ನಾನು ನಿಂತಿದ್ದದ್ದು ಕೊಟ್ಟೂರಿನ ಹೊರಗಿನ ಬಾಸ್ಕೆಟ್‌ಬಾಲ್ ಅಂಕಣದಲ್ಲಿ, ಉತ್ತರದ ಕಂಬದಿಂದ ಎಂಟು ಹೆಜ್ಜೆ ದೂರದಲ್ಲಿ. ಸ್ಕೋರು ಬರೆಯುವ ಮೇಜನ್ನು ನಡುಗೆರೆಯ ಎದುರಿಗೆ ಹಾಕಬೇಕು. ಅಲ್ಲಿ ಬಿಸಿಲಿತ್ತೆಂದು ಬೇವಿನ ನೆರಳಿಗೆ, ಕಂಬದ ಹತ್ತಿರಕ್ಕೆ ತಂದಿದ್ದರು. ಜನ ಗೆರೆಯವರೆಗೆ ನುಗ್ಗಿದ್ದರಿಂದ ಕೂತರೆ ಸರಿಯಾಗಿ ಕಾಣುತ್ತಿರಲಿಲ್ಲ. ಎದ್ದು ನಿಂತೇ ಬರೆಯುತ್ತಿದ್ದೆ. 2005ನೇ ಇಸವಿ, ದೀಪಾವಳಿ ಕಳೆದ ಎರಡನೆಯ ಭಾನುವಾರ, ಸಂಜೆ ಐದಕ್ಕೆ ಹತ್ತು ನಿಮಿಷ. ವೆಂಡಲ್ ಬಿದ್ದಾಗ ಅವನಿಗೂ ನನಗೂ ನಡುವೆ ಯಾರೂ ಇರಲಿಲ್ಲ.

ಇದನ್ನು ಮೊದಲೇ ಬರೆದಿಡುತ್ತೇನೆ. ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ.

ವೆಂಡಲ್ ಅಮೆರಿಕದವನು. ಅಲ್ಲಿಯ ದಕ್ಷಿಣದ ಒಂದು ಸಣ್ಣ ಊರು. ಅವನ ಅಜ್ಜಿ ಹತ್ತಿ ಬಿಡಿಸುವ ಕೂಲಿಯಾಗಿದ್ದಳಂತೆ. ಕಪ್ಪು ಬಣ್ಣ, ಆರು ಅಡಿ ಏಳು ಅಂಗುಲ ಎತ್ತರ, ಇಪ್ಪತ್ತೊಂಬತ್ತು ವರ್ಷ. ಕಾಲೇಜಿಗೆ ನಾಲ್ಕು ವರ್ಷ ಆಡಿದ್ದ. ಅವನ ದೇಶದಲ್ಲಿ ಕಾಲೇಜಿಗೆ ಚೆನ್ನಾಗಿ ಆಡಿದವರು ಬೇಕಾದಷ್ಟು ಜನ. ದೊಡ್ಡ ತಂಡಗಳಿಗೆ ಆಯ್ಕೆಯಾಗುವವರು ಬೆರಳೆಣಿಕೆಯವರು. ಉಳಿದವರಲ್ಲಿ ಆಟ ಬಿಡಲಾರದವರು ಬೇರೆ ದೇಶಗಳಿಗೆ ಹೋಗಿ ಸಂಬಳಕ್ಕೆ ಆಡುತ್ತಾರೆ. ಇವನು ಏಳು ವರ್ಷಗಳಲ್ಲಿ ಐದು ದೇಶ ತಿರುಗಿದ್ದ. ಕೊನೆಯ ತಂಡ ಸೀಸನ್ನಿನ ನಡುವೆಯೇ ಮುಚ್ಚಿಹೋಗಿತ್ತು. ಆಗ ಬೆಂಗಳೂರಿನ ಒಬ್ಬ ಏಜೆಂಟು ಐದು ತಿಂಗಳ ಕೆಲಸವಿದೆ ಎಂದು ಕರೆಸಿ ನಮ್ಮೂರು ಹಗರಿಬೊಮ್ಮನಹಳ್ಳಿಗೆ ಕಳಿಸಿದ.

ಕರೆಸಿಕೊಂಡವರು ಗುರುಶಾಂತಪ್ಪ. ಅದಿರು ಸಾಗಿಸುವ ಲಾರಿಗಳ ಮಾಲೀಕರು, ಊರಿನ ತಂಡಕ್ಕೂ ಮಾಲೀಕರು. ನಾನು ಪಿ.ಟಿ. ಮಾಸ್ತರಾಗಿದ್ದ ಶಾಲೆಯ ಆಡಳಿತ ಮಂಡಳಿಯಲ್ಲೂ ಇದ್ದರು. ಸುತ್ತಿನ ತಾಲ್ಲೂಕುಗಳ ಟೂರ್ನಮೆಂಟುಗಳಿಗೆಲ್ಲ ಹೊರಗಿನ ಆಟಗಾರರನ್ನು ತರಿಸುವುದು ಆಗ ಒಂದು ಜಿದ್ದು. "ಪಂಜಾಬದಾವ್ರನ್ನ ಎಲ್ಲಾರೂ ತರಸ್ತಾರ್ರಿ, ನಾನು ಅಮೆರಿಕಾದಾಂವನ್ನ ತರಿಸೀನಿ" ಎಂದು ಅವರು ಹೋಟೆಲಿನಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದರು. ಬಾಡಿಗೆಗೆ ಯಾರೂ ಮನೆ ಕೊಡಲಿಲ್ಲವಾದ್ದರಿಂದ ತಮ್ಮ ಲಾರಿ ಶೆಡ್ಡಿನ ಮೇಲಿನ ಕೋಣೆಯಲ್ಲಿ ಅವನನ್ನು ಇರಿಸಿದರು. ಮಂಚ ಸಾಲದೆ ಕಾಲಿನ ಕಡೆ ಎರಡು ಟೈರು ಒಟ್ಟಿ, ಮೇಲೆ ಹಲಗೆ ಹಾಕಿದ್ದರು. ಆ ಟೂರ್ನಮೆಂಟುಗಳಲ್ಲಿ ಸ್ಕೋರು ಬರೆಯುತ್ತಿದ್ದವನು ನಾನು. ಅವನೊಂದಿಗೆ ಇಂಗ್ಲಿಷಿನಲ್ಲಿ ತಕ್ಕಮಟ್ಟಿಗೆ ಮಾತಾಡಬಲ್ಲವನೂ ನಾನೊಬ್ಬನೇ. ಇಲ್ಲಿ ಅವನ ಮಾತೆಂದು ಬರೆದದ್ದೆಲ್ಲ ನನಗೆ ತಿಳಿದಷ್ಟು ಕನ್ನಡ.

ಅವನ ಚೀಲದಲ್ಲಿ ಬಡಗಿಗಳು ಇಟ್ಟುಕೊಳ್ಳುವಂಥ ಉಕ್ಕಿನ ಟೇಪು ಇರುತ್ತಿತ್ತು. ಯಾವ ಊರಿಗೆ ಹೋದರೂ ಮೊದಲು ರಿಂಗಿನ ಎತ್ತರ ಅಳೆಯುತ್ತಿದ್ದ. ನೆಲದಿಂದ ಹತ್ತು ಅಡಿ ಇರಬೇಕು. ಹರಪನಹಳ್ಳಿಯ ಅಂಕಣದಲ್ಲಿ ನಾಲ್ಕು ಬೆರಳು ಕಡಿಮೆ ಬಂತು. ಏರಿಸಿ ಎಂದ. ಅಲ್ಲಿಯ ಕಾರ್ಯಕರ್ತರೊಬ್ಬರು ನನ್ನ ಮೇಲೆ ಹರಿಹಾಯ್ದರು:

"ಆಡಾಕ ಬಂದಾನೋ, ಗೋಡಿ ಕಟ್ಟಾಕ ಬಂದಾನೋ ಇವ? ತಗ್ಗಿದ್ರ ಅವ್ಗ ಛಲೋನ ಅಲ್ಲೇನ್ರಿ? ಇನ್ನೂ ಹಗೂರ ಹಾಕ್ಲಿ!"

ಅದನ್ನು ಅವನಿಗೆ ತಿಳಿಸಿದೆ. "ತಗ್ಗಿದ ರಿಂಗಿಗೆ ಹಾಕಿದ್ದು ನನ್ನದಲ್ಲ. ಹಾಳೆಯ ಮೇಲೆ ಹಾಗೆಂದು ಬರೆಯಿರಿ" ಎಂದ. ಬರೆದೆ. ಆ ದಿನ ಅವನು ಮೂವತ್ತೊಂದು ಅಂಕ ಗಳಿಸಿದ. ಹಾಳೆಯ ಕೆಳಗೆ ರಿಂಗು ನಾಲ್ಕು ಬೆರಳು ತಗ್ಗು ಎಂದೂ ಇದೆ. ನನಗೆ ಅವನು ಹಿಡಿಸಿದ್ದು ಅಂದಿನಿಂದ.

ಪ್ರತಿ ಪಂದ್ಯದ ಸ್ಕೋರು ಹಾಳೆಯ ಪ್ರತಿಯನ್ನು ನನ್ನ ಸಹಿಯೊಡನೆ ಕೇಳಿ ಪಡೆದು ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತಿದ್ದ. ಐದು ದೇಶಗಳ ಹಾಳೆಗಳು ಅದರಲ್ಲಿದ್ದವು. "ಮುಂದಿನ ತಂಡ ನನ್ನನ್ನು ನೋಡಿರುವುದಿಲ್ಲ. ಕಾಗದ ನೋಡುತ್ತದೆ, ಕ್ಯಾಸೆಟ್ಟು ನೋಡುತ್ತದೆ" ಎನ್ನುತ್ತಿದ್ದ.

ಕ್ಯಾಸೆಟ್ಟಿಗಾಗಿ ಮದುವೆಗಳ ವಿಡಿಯೋ ತೆಗೆಯುವ ಪಂಪಾಪತಿಯನ್ನು ಗೊತ್ತುಮಾಡಿಕೊಟ್ಟಿದ್ದೆ. ಕೂಡ್ಲಿಗಿಯ ಪಂದ್ಯದ ಕ್ಯಾಸೆಟ್ಟನ್ನು ಮೂವರೂ ಕೂತು ನೋಡಿದೆವು. ವೇದಿಕೆಯ ಗಣ್ಯರು ಒಬ್ಬೊಬ್ಬರಾಗಿ ಕೈಮುಗಿದರು, ಉಪ್ಪಿಟ್ಟು ತಿಂದರು. ವೆಂಡಲ್ ಚೆಂಡು ಹಿಡಿದು ಮೇಲಕ್ಕೆ ಹಾರಿದ. ಪರದೆಯ ಮೇಲೆ ಗುಲಾಬಿ ಹೂ ಅರಳಿತು. ಹೂ ಸರಿಯುವಷ್ಟರಲ್ಲಿ ಅವನು ಕೆಳಗಿಳಿದಿದ್ದ.

"ಚೆಂಡು ಎಲ್ಲಿ?" ಎಂದ ವೆಂಡಲ್.

"ಬರೇ ಚೆಂಡು ತೋರಿಸಿದ್ರ ಯಾರ್ ನೋಡ್ತಾರ್ರಿ ಮಾಸ್ತರ?" ಎಂದ ಪಂಪಾಪತಿ. "ಮಂದಿ ಮಾರಿ ಬರಬೇಕು. ನಾಳೆ ಅವ್ರು ಬಂದು ನಂದ್ಯಾಕಿಲ್ಲ ಅಂದ್ರ ಏನ್ ಹೇಳ್ಲಿ?"

ವೆಂಡಲ್ ನಕ್ಕದ್ದನ್ನು ನಾನು ಕಂಡದ್ದು ಆಗ ಮಾತ್ರ. ಉಳಿದಂತೆ ಅವನು ನಗುವ ಮನುಷ್ಯನಲ್ಲ. ಸಿಡುಕು ಬಹಳ. ಪಾಸು ತಪ್ಪಿದರೆ ತನ್ನ ತಂಡದ ಹುಡುಗರನ್ನೇ ಅಂಕಣದ ನಡುವೆ ನಿಲ್ಲಿಸಿ ಬೈಯುತ್ತಿದ್ದ. ಪಂದ್ಯ ಮುಗಿದ ಮೇಲೆ ಕೈ ಕುಲುಕದೆ ಹೋದದ್ದೂ ಉಂಟು. ಸೋಡಾ ಅಂಗಡಿಯಿಂದ ಮಂಜುಗಡ್ಡೆ ತಂದು, ಟವೆಲಿನಲ್ಲಿ ಸುತ್ತಿ ಎರಡೂ ಮೊಣಕಾಲಿಗೆ ಕಟ್ಟಿಕೊಂಡು ಶೆಡ್ಡಿನ ಮೆಟ್ಟಿಲ ಮೇಲೆ ಒಬ್ಬನೇ ಕೂರುತ್ತಿದ್ದ. ಹೆಂಡ, ಬ್ರಾಂದಿ ಮುಟ್ಟುತ್ತಿರಲಿಲ್ಲ. ಡ್ರೈವರುಗಳು ಒತ್ತಾಯಿಸಿ ಸೋತಿದ್ದರು.

ಜನರಿಗೆ ಅವನ ಆಟ ಬೇಕಿತ್ತು, ಅವನು ಬೇಕಿರಲಿಲ್ಲ. ಕೂಡ್ಲಿಗಿಯಲ್ಲಿ ಶೇಂಗಾ ಸಿಪ್ಪೆ ಎಸೆದರು, ಆಮೇಲೆ ಹಸಿ ಮಣ್ಣಿನ ಹೆಂಟೆ. "ಲೇ, ಏಣಿ ಬಂತಲೇ ಏಣಿ!" ಎಂದು ಕೂಗಿದರು. ಬಣ್ಣದ ಬಗ್ಗೆ ಕೂಗಿದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ಏನೆನ್ನುತ್ತಿದ್ದಾರೆ ಎಂದು ಅವನು ನನ್ನನ್ನು ಕೇಳಿದ. ಎತ್ತರದ ಬಗ್ಗೆ ಎಂದೆ. "ಐದು ದೇಶಗಳಲ್ಲಿ ಕೇಳಿದ್ದೇನೆ ಮಾಸ್ತರ್. ಎತ್ತರದ ಬಗ್ಗೆ ಆ ದನಿಯಲ್ಲಿ ಯಾರೂ ಕೂಗುವುದಿಲ್ಲ" ಎಂದ.

ನಮ್ಮ ಕಡೆಯವರೂ ಕಡಿಮೆಯೇನಲ್ಲ. ಗುರುಶಾಂತಪ್ಪನವರ ಮಗ ವೀರೇಶ ಅದೇ ತಂಡದಲ್ಲಿ ಆಡುತ್ತಿದ್ದ. ಅಂಗಿಯ ನಂಬರು ಏಳು, ವೆಂಡಲನದು ಹದಿನಾಲ್ಕು. ಪಿಯುಸಿ ಎರಡನೆಯ ವರ್ಷ. ಕೆಟ್ಟ ಆಟಗಾರನಲ್ಲ, ವೆಂಡಲ್ ಬರುವ ಮೊದಲು ಊರಿನ ಅಂಕಣದಲ್ಲಿ ಎಲ್ಲರೂ ನೋಡುತ್ತಿದ್ದದ್ದು ಅವನನ್ನೇ. ಕ್ರೀಡಾ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು ಕೊಡಿಸಬೇಕೆಂಬುದು ತಂದೆಯ ಆಸೆ. ಅದಕ್ಕೆ 'ಉತ್ತಮ ಆಟಗಾರ' ಎಂಬ ಪ್ರಮಾಣಪತ್ರಗಳು ಬೇಕಿದ್ದವು. ಆ ವರ್ಷ ಎರಡು ಊರುಗಳಲ್ಲಿ ಅದು ವೆಂಡಲನಿಗೆ ಹೋಗಿತ್ತು.

ಕೊಟ್ಟೂರಿನ ಪಂದ್ಯಕ್ಕೆ ಮೂರು ದಿನ ಮೊದಲು ಗುರುಶಾಂತಪ್ಪ ನನ್ನನ್ನು ಶೆಡ್ಡಿಗೆ ಕರೆಸಿದರು.

"ಮಾಸ್ತರ, ಅವ ಇನ್ನ ಎಲ್ಡ್ ತಿಂಗ್ಳಿಗೆ ಹೋಗಾಂವ. ಹುಡುಗ ಇಲ್ಲೇ ಇರಾಂವ. ಹದಿನಾಕರ ಮುಂದ ಹಾಕೋದ್ರಾಗ ನಾಕೈದು ಏಳರ ಮುಂದ ಹಾಕಿದ್ರ ಮುಗಲು ಬೀಳ್ತೈತೇನು?"

"ಹಾಕಾಕ ಬರಂಗಿಲ್ರಿ ಯಜಮಾನ್ರ."

"ಯಾಕ ಬರಂಗಿಲ್ಲ? ಪೆನ್ನು ನಿಮ್ ಕೈಯಾಗ ಐತಲ್ಲ."

"ನೋಡಿದ್ದು ಬರಿಯಾಕ ಕೊಟ್ಟಾರ್ರಿ."

ಅವರು ಸಿಟ್ಟಾಗಲಿಲ್ಲ. ಚಾ ತರಿಸಿದರು. ವೀರೇಶ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನಾನು ಹೊರಗೆ ಬಂದಾಗ ಮುಖ ಬೇರೆ ಕಡೆ ತಿರುಗಿಸಿದ.

ಭಾನುವಾರ ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಜೀಪಿನಲ್ಲಿ ವೆಂಡಲನ ಪಕ್ಕದಲ್ಲೇ ಕೂತು ಬಂದೆ. ಅವನು ನಾಲ್ಕು ಬಾಳೆಹಣ್ಣು ತಿಂದ, ಒಂದು ಗೋಲಿ ಸೋಡಾ ಕುಡಿದ. ಬೀಳುವವರೆಗೂ ಅವನು ನನ್ನ ಕಣ್ಣಳತೆಯಲ್ಲೇ ಇದ್ದ.

ಕೊನೆಯ ಹತ್ತು ನಿಮಿಷದ ಆಟ ಶುರುವಾದಾಗ ನಾವು ಎರಡು ಅಂಕ ಹಿಂದಿದ್ದೆವು. ವೀರೇಶ ವೆಂಡಲನಿಗೆ ಚೆಂಡು ಕೊಡದೆ ತಾನೇ ಎಸೆದು ಮೂರು ಸಲ ತಪ್ಪಿದ. ಮೂರನೆಯ ಸಲ ವೆಂಡಲ್ ಅವನ ಎದೆಗೆ ಬೆರಳಿಟ್ಟು ಬೈದ. ಅರ್ಥವಾಗದಿದ್ದರೂ ಕೇಳಿದ್ದು ಎಲ್ಲರಿಗೂ. "ಏ, ಮನಿಗೆ ಕಳಿಸ್ರಲೇ ಸಾಹುಕಾರನ ಮಗನ್ನ! ಅಪ್ಪನ ಲಾರಿ ಕಾಯಾಕತೈತಿ!" ಎಂದು ಯಾರೋ ಕೂಗಿದರು. ಅಂಕಣದ ಸುತ್ತ ನಗೆ ಎದ್ದಿತು. ವೀರೇಶನ ಕಿವಿ ಕೆಂಪಾದದ್ದು ನಾನಿದ್ದಲ್ಲಿಗೆ ಕಾಣುತ್ತಿತ್ತು.

ಮುಂದಿನದು ಹೀಗೆ ನಡೆಯಿತು. ದಾನಿಯೊಬ್ಬರಿಗೆ ಸನ್ಮಾನ ಎಂದು ಮೈಕಿನಲ್ಲಿ ಕೂಗಿದರು. ಆಟ ನಿಲ್ಲಲಿಲ್ಲ. ಪಂಪಾಪತಿ ಕ್ಯಾಮರಾವನ್ನು ವೇದಿಕೆಯ ಕಡೆ ತಿರುಗಿಸಿದ. ಬಹಳಷ್ಟು ಜನರೂ ಅತ್ತ ತಿರುಗಿದರು. ನಮ್ಮವನೊಬ್ಬ ಎಸೆದ ಚೆಂಡು ರಿಂಗಿಗೆ ತಾಗಿ ಮೇಲೆ ಚಿಮ್ಮಿತು. ವೆಂಡಲ್ ಹಾರಿ ಅದನ್ನು ಗಾಳಿಯಲ್ಲೇ ಹಿಡಿದು ಒಳಗೆ ಹಾಕಿದ. ಅವನ ಕಣ್ಣು ಮೇಲಿತ್ತು. ರೆಫರಿಯ ಕಣ್ಣೂ ಮೇಲಿತ್ತು. ವೀರೇಶ ಅವನ ಹಿಂದೆ ಒಂದು ಮೊಳ ದೂರದಲ್ಲಿದ್ದ. ವೀರೇಶ ನೆಲ ನೋಡಿದ. ಬಲಗಾಲನ್ನು ಮುಂದೆ ತಂದು, ವೆಂಡಲನ ಎಡಗಾಲು ಇಳಿಯುವ ಜಾಗದಲ್ಲಿ ಇಟ್ಟ. ಎತ್ತಿ ಇಟ್ಟದ್ದಲ್ಲ, ಸರಿಸಿ ಇಟ್ಟದ್ದು. ವೆಂಡಲನ ಹೆಜ್ಜೆ ಆ ಬೂಟಿನ ಅಂಚಿನ ಮೇಲೆ ಇಳಿಯಿತು, ಹೊರಳಿತು. ಮೊಣಕಾಲು ಒಳಕ್ಕೆ ಮಡಿಚಿಕೊಂಡಿತು. ಒಣಗಿದ ತೊಗರಿ ಕಟ್ಟಿಗೆ ಮುರಿದ ಸದ್ದು. ವೀರೇಶ ಕಾಲು ಹಿಂದಕ್ಕೆಳೆದುಕೊಂಡ, ತಲೆ ಎತ್ತಿದ, ನನ್ನನ್ನು ನೋಡಿದ.

"ಬಿತ್ತಲೇ ಏಣಿ!" ಎಂದು ಜನ ಸಿಳ್ಳೆ ಹಾಕಿದರು.

ನಾನು ಹದಿನಾಲ್ಕರ ಮುಂದೆ ಎರಡು ಅಂಕ ಬರೆದೆ. ಚೆಂಡು ಒಳಗೆ ಹೋಗಿತ್ತು.

ಅವನನ್ನು ಹೊಸಪೇಟೆಯ ಒಂದು ಆಸ್ಪತ್ರೆಗೆ ಸೇರಿಸಿದರು. ಮಂಗಳವಾರ ಗುರುಶಾಂತಪ್ಪ ಏಜೆಂಟಿಗೆ ಪತ್ರ ಬರೆಸಿದರು: ಆಟಗಾರ ಕುಡಿದು ಅಂಕಣಕ್ಕೆ ಬಂದ, ತಾನಾಗಿ ಬಿದ್ದ, ಒಪ್ಪಂದ ಮುಗಿಯಿತು. ಆ ಪತ್ರವನ್ನು ಅವರೇ ನನಗೆ ಓದಿ ತೋರಿಸಿದರು. "ನಿಮ್ದು ಜೂನ್‌ದಾಗ ಖಾಯಂ ಆಗೋದೈತಲ್ಲ ಮಾಸ್ತರ?" ಎಂದರು. ಆರು ವರ್ಷದಿಂದ ನಾನು ಆ ಹುದ್ದೆ ಖಾಯಂ ಆಗಲೆಂದು ಕಾದಿದ್ದೆ.

ಗುರುವಾರ ಆಸ್ಪತ್ರೆಗೆ ಹೋದೆ. ವೆಂಡಲನ ಕಾಲು ಮಂಚದ ಕಂಬಿಯಾಚೆ ಚಾಚಿ, ಸ್ಟೂಲಿನ ಮೇಲಿತ್ತು. ಏಜೆಂಟು ಫೋನು ಮಾಡಿ ಪತ್ರದ ವಿಷಯ ತಿಳಿಸಿದ್ದ.

"ಮೊಣಕಾಲು ವರ್ಷದಲ್ಲಿ ಕೂಡಬಹುದು" ಎಂದ. "ಕುಡುಕ ಅನ್ನುವ ಹೆಸರು ಹೋಗುವುದಿಲ್ಲ. ಏಜೆಂಟುಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆಮೇಲೆ ಯಾವ ದೇಶದಲ್ಲೂ ಯಾರೂ ಕರೆಯುವುದಿಲ್ಲ. ಕ್ಯಾಸೆಟ್ಟಿನಲ್ಲಿ ಏನಿದೆ?"

"ಸನ್ಮಾನ" ಎಂದೆ.

ಅವನು ಸ್ಟೂಲಿನ ಮೇಲಿದ್ದ ಕಾಲನ್ನು ನೋಡಿದ. ಆಮೇಲೆ, "ನಾನು ನೆಲದ ಮೇಲೆ ಇಳಿಯಲಿಲ್ಲ. ಯಾರದೋ ಕಾಲಿನ ಮೇಲೆ ಇಳಿದೆ. ನನಗೆ ಗೊತ್ತು. ನೀವು ಬರೆದು ಕೊಡಿ" ಎಂದ.

ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಬರೆದೆ: ಅಂಕ ಗಳಿಸಿ ಕೆಳಗಿಳಿಯುವಾಗ ಇವರು ಬಿದ್ದರು, ಎಡ ಮೊಣಕಾಲಿಗೆ ಪೆಟ್ಟಾಯಿತು. ಸಹಿ ಹಾಕಿದೆ. ವಾಕ್ಯದಲ್ಲಿ ಸುಳ್ಳಿರಲಿಲ್ಲ. ಅವನು ಎರಡು ಸಲ ಓದಿದ.

"ಕುಡಿದಿರಲಿಲ್ಲ ಎಂದು ಇಲ್ಲ."

"ಅದನ್ನು ಡಾಕ್ಟರು ಹೇಳಬೇಕು" ಎಂದೆ.

"ಕಾಲು ಯಾರದು?"

"ಕಾಣಲಿಲ್ಲ."

"ನೀವು ಅಲ್ಲೇ ನಿಂತಿದ್ದಿರಿ" ಎಂದ. ದನಿ ಏರಿಸಲಿಲ್ಲ. ಹುಡುಗರನ್ನು ಬೈಯುತ್ತಿದ್ದವನು ನನ್ನನ್ನು ಬೈಯಲಿಲ್ಲ. ಆ ಹಾಳೆಯನ್ನು ಹರಿಯಬಹುದೆಂದುಕೊಂಡಿದ್ದೆ. ಅವನು ಅದನ್ನು ಮಡಿಸದೆ, ಪ್ಲಾಸ್ಟಿಕ್ ಕವರಿನೊಳಗೆ ಉಳಿದ ಹಾಳೆಗಳ ಮೇಲೆ ಇಟ್ಟುಕೊಂಡ. ಆ ಬೀಳುವಿಕೆಯ ಬಗ್ಗೆ ಅವನ ಹತ್ತಿರ ಇದ್ದದ್ದು ಅದೊಂದೇ.

ಶನಿವಾರ ಅವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ ಬೆಂಗಳೂರಿಗೆ ಕಳಿಸಿದರೆಂದು ಕೇಳಿದೆ. ನಾನು ಹೋಗಲಿಲ್ಲ. ಕೊಟ್ಟೂರಿನ 'ಉತ್ತಮ ಆಟಗಾರ' ಪ್ರಮಾಣಪತ್ರ ವೀರೇಶನಿಗೆ ಹೋಯಿತು, ಸೀಟೂ ಸಿಕ್ಕಿತು. ಜೂನಿನಲ್ಲಿ ನನ್ನ ಹುದ್ದೆ ಖಾಯಂ ಆಯಿತು. ಎರಡು ವರ್ಷದ ಮೇಲೆ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ವೆಂಡಲನ ಹೆಸರು ಹುಡುಕಿಸಿದೆ. ಐದು ದೇಶಗಳ ತಂಡಗಳ ಪಟ್ಟಿಗಳಲ್ಲಿ ಅವನಿದ್ದ. ನಮ್ಮಲ್ಲಿಂದ ಹೋದ ಮೇಲಿನದು ಒಂದೂ ಸಿಗಲಿಲ್ಲ. ಆಮೇಲೆಯೂ ಹುಡುಕಿದ್ದೇನೆ.

ಆ ಕಾಲು ನಾನು ಕಂಡೆ. ನನ್ನ ಹೊರತು ಕಂಡವರು ಮೂವರು. ನನ್ನ ಪಕ್ಕದಲ್ಲಿ ಆಟದ ಗಡಿಯಾರ ಹಿಡಿದು ನಿಂತಿದ್ದ ದಾದಾಪೀರ. ಅವನು ತೀರಿಕೊಂಡು ಎಂಟು ವರ್ಷವಾಯಿತು. ಕಂಬದ ಬುಡದಲ್ಲಿ ಶೇಂಗಾ ಮಾರುತ್ತಿದ್ದ ಹುಲಿಗೆಮ್ಮ. ಕೊಟ್ಟೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಹೋದ ತಿಂಗಳು ಕೇಳಿದಾಗ, "ಬಿಳೀ ಬೂಟಿನ ಕಾಲ್ರಿ, ನಿಮ್ ಹುಡುಗಂದ. ಈಟು ದಿನ ಯಾರೂ ಕೇಳಲೇ ಇಲ್ಲಲ್ರಿ ನನ್ನ" ಎಂದಳು. ಮೂರನೆಯವನು ವೀರೇಶ. ಅವನು ನೋಡಿಯೇ ಕಾಲಿಟ್ಟದ್ದು. ಹಡಗಲಿಯಲ್ಲಿ ಮನೆ ಕಟ್ಟಿಸಿಕೊಂಡು, ಹೆಂಡತಿ ಮಕ್ಕಳೊಂದಿಗೆ ಚೆನ್ನಾಗಿದ್ದಾನೆ.